ಕಾಳಿಲ್ಲದ ಎಣ್ಣೆ

ನಮ್ಮಜ್ಜಿ ಹರಳೆಣ್ಣೆ ತೆಗೆಯುವ ದಿನ ಹಿತ್ತಿಲ ಕಡೆಗೆ ಹೊರಗಿನವರು ಯಾರೂ ಸುಳಿಯುವಂತಿರಲಿಲ್ಲ. ಕಣ್ಣು ಬಿದ್ದರೆ ಎಣ್ಣೆ ಬಿಡುವುದಿಲ್ಲ ಎಂಬುದು ಅವಳ ನಂಬಿಕೆ. ಹಿಂದಿನ ದಿನವೇ ಹರಳನ್ನು ಬಾಣಲೆಯಲ್ಲಿ ಹುರಿದು, ಒರಳಿಗೆ ಹಾಕಿ, ಒನಕೆಯಲ್ಲಿ ಕುಟ್ಟಿ ಕುಟ್ಟಿ ಕರಿ ಮುದ್ದೆ ಮಾಡಿಟ್ಟಿರುತ್ತಿದ್ದಳು. ಬೆಳಿಗ್ಗೆ ಮೂರು ಕಲ್ಲಿನ ಒಲೆಯ ಮೇಲೆ ಹಂಡೆಯ ನೀರು ಕುದಿ ಹಿಡಿದ ಮೇಲೆ ಆ ಮುದ್ದೆಯನ್ನು ಅದರಲ್ಲಿ ಕದಡಿ ಬಿಡುವಳು. ಆಮೇಲೆ ಕಾಯುವುದೇ ಕೆಲಸ. ಮೊದಲು ಬೂದು ಬಣ್ಣದ ನೊರೆ. ನೊರೆಯ ಅಂಚಿನಲ್ಲಿ ಒಂದೊಂದೇ ಹೊಳೆಯುವ ಕಣ್ಣು. ಆ ಕಣ್ಣುಗಳು ಒಂದಕ್ಕೊಂದು ಕೂಡಿಕೊಂಡು, ಕೊನೆಗೆ ಹಂಡೆಯ ಬಾಯಿತುಂಬ ಹೊಂಬಣ್ಣದ ಪದರ. ಕೆಳಗಿನ ನೀರು ಕದಡದ ಹಾಗೆ ಅಜ್ಜಿ ಸೌಟನ್ನು ಓರೆ ಹಿಡಿದು ಆ ಪದರವನ್ನಷ್ಟೇ ಬಳಿದು ತೆಗೆಯುವುದನ್ನು ನಾನು ಮಂಡಿಯ ಮೇಲೆ ಗಲ್ಲ ಊರಿ ನೋಡುತ್ತ ಕೂತಿರುತ್ತಿದ್ದೆ. ತೆಗೆದದ್ದನ್ನು ಇನ್ನೊಂದು ಪಾತ್ರೆಯಲ್ಲಿ ಮತ್ತೆ ಕಾಯಿಸಬೇಕು. ಚಟಪಟ ಸದ್ದು ಕೇಳುವವರೆಗೂ ಅದರಲ್ಲಿ ನೀರಿದೆ ಎಂದರ್ಥ. ಸದ್ದು ಅಡಗಿದ ಮೇಲೆ ನಾಲ್ಕು ಮೆಂತ್ಯದ ಕಾಳು ಹಾಕಿ ಇಳಿಸುವಳು.

ಆ ಪದರವನ್ನು ಎಷ್ಟೋ ವರ್ಷಗಳ ಮೇಲೆ ಮತ್ತೆ ಕಂಡದ್ದು ಮೈಸೂರಿನಲ್ಲಿ, ಅಕ್ಕನ ಮಗಳು ಸಂಶೋಧನೆ ಮಾಡುವ ಪ್ರಯೋಗಾಲಯದಲ್ಲಿ. ಬೆರಳುದ್ದದ ಗಾಜಿನ ಕೊಳವೆ. ತಳದಲ್ಲಿ ಗಸಿ, ನಡುವೆ ಕದಡಿದ ನೀರು, ಮೇಲೆ ಒಂದು ಉಗುರಿನಷ್ಟು ದಪ್ಪಕ್ಕೆ ಕಿತ್ತಳೆ ಬಣ್ಣದ ಎಣ್ಣೆ.

"ಇದು ಯಾವ ಬೀಜದ್ದಮ್ಮ?" ಅಂದೆ.

"ಬೀಜದ್ದಲ್ಲ ಮಾವ. ಮೆಕ್ಕೆಜೋಳದ ಬೆಂಡಿಂದು."

ಕಾಳು ಬಿಡಿಸಿದ ಮೇಲೆ ಉಳಿಯುವ ಬೆಂಡು ನನಗೆ ಗೊತ್ತು. ಅದನ್ನು ಹಿಂಡಿದರೆ ಕೈಗೆ ಹೊಟ್ಟು ಅಂಟೀತೇ ಹೊರತು ಜಿಡ್ಡು ಅಂಟುವುದಿಲ್ಲ. ನನ್ನ ಮುಖ ನೋಡಿ ಅವಳೇ ಬಿಡಿಸಿ ಹೇಳಿದಳು. "ಬೆಂಡನ್ನ ಸಕ್ಕರೆ ಮಾಡಿದ್ವಿ. ಸಕ್ಕರೇನ ಯೀಸ್ಟಿಗೆ ತಿನ್ನಿಸಿದ್ವಿ. ಎಣ್ಣೆ ಮಾಡಿದ್ದು ಯೀಸ್ಟು."

ಅಂದು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ನಮ್ಮ ಭಾಷೆಯಲ್ಲಿ ಎಣ್ಣೆ ಎಂಬ ಮಾತಿನ ಹೊಟ್ಟೆಯಲ್ಲೇ ಒಂದು ಕಾಳಿದೆ. ಎಳ್ಳಿನ ನೆಯ್ ಎಣ್ಣೆಯಾಯಿತು. ಬಿಳಿಯ ನೆಯ್ ಬೆಣ್ಣೆಯಾಯಿತು. ನೆಯ್ ಎಂದರೆ ಹಳಗನ್ನಡದಲ್ಲಿ ತುಪ್ಪ, ಜಿಡ್ಡು. ಸಂಸ್ಕೃತದವರು ತಿಲದಿಂದ ತೈಲ ಮಾಡಿಕೊಂಡರು, ಅಲ್ಲೂ ಎಳ್ಳೇ. ಅಂದರೆ ಈ ನೆಲದ ಮನುಷ್ಯನಿಗೆ ಜಿಡ್ಡು ಎರಡೇ ಕಡೆಯಿಂದ ಬಂದದ್ದು: ಹಸುವಿನ ಕೆಚ್ಚಲಿಂದ, ಇಲ್ಲವೆ ಕಾಳಿನ ಒಡಲಿಂದ. ಮೂರನೆಯ ಕಡೆಯೊಂದಿದೆ, ಅದು ಕಣ್ಣಿಗೆ ಕಾಣದ ಒಂದು ಹುದುಗಿನ ಒಡಲು ಎಂಬುದನ್ನು ಅರಗಿಸಿಕೊಳ್ಳಲು ನನಗೆ ಹೊತ್ತು ಬೇಕಾಯಿತು.

ಮರುದಿನ ಮತ್ತೆ ಹೋದೆ. ಅವಳು ಮೊದಲಿನಿಂದ ತೋರಿಸಿದಳು.

ಮೂಲೆಯಲ್ಲಿ ಗೋಣಿಚೀಲ, ಅದರಲ್ಲಿ ಪುಡಿಮಾಡಿದ ಬೆಂಡು. ಮರದ ಹೊಟ್ಟಿನಂತೆ ಹಗುರ, ಮೂಗಿಗೆ ಹಿಡಿದರೆ ಒಣಗಿದ ಮೇವಿನ ವಾಸನೆ. ಬೆಂಡಿನ ಮೈಯೆಲ್ಲ ಸಕ್ಕರೆಯೇ ಎಂದು ಅವಳು ಅಂದಾಗ ನಾನು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡೆ. ಸಪ್ಪೆ. ಸಕ್ಕರೆಯ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಸರಪಳಿಯಾಗಿ ಕೂತಾಗ ನಾಲಿಗೆಗೆ ಅವು ಸಿಕ್ಕುವುದಿಲ್ಲ. ಗ್ಲೂಕೋಸಿನ ಸರಪಳಿ ಸೆಲ್ಯುಲೋಸ್. ಅದನ್ನು ತಬ್ಬಿ ನಿಂತದ್ದು ಹೆಮಿಸೆಲ್ಯುಲೋಸ್, ಬೆಂಡಿನಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಅದೇ, ಒಡೆದರೆ ಕ್ಸೈಲೋಸ್ ಎಂಬ ಇನ್ನೊಂದು ಸಕ್ಕರೆ. ಇವೆರಡನ್ನೂ ಗಾರೆ ಹಾಕಿದಂತೆ ಬಿಗಿದು ಹಿಡಿದದ್ದು ಲಿಗ್ನಿನ್. ಗಿಡ ಗಾಳಿಗೆ ನೆಟ್ಟಗೆ ನಿಲ್ಲುವುದು ಈ ಗಾರೆಯ ಬಲದಿಂದ. ಎಣ್ಣೆ ಬೇಕೆನ್ನುವವನು ಮೊದಲು ಈ ಗಾರೆಯನ್ನು ಸಡಿಲಿಸಬೇಕು.

ಸಡಿಲಿಸುವುದಕ್ಕೆ ತೆಳು ಗಂಧಕಾಮ್ಲದಲ್ಲಿ ನೆನೆಸಿ, ಕುಕ್ಕರಿನಂಥ ಪಾತ್ರೆಯಲ್ಲಿ ಹಬೆಯ ಒತ್ತಡಕ್ಕಿಟ್ಟು ಬೇಯಿಸುತ್ತಾರೆ. ಹೊರಗೆ ಬರುವುದು ಕಾಫಿ ಡಿಕಾಕ್ಷನ್ನಿನ ಬಣ್ಣದ ನೀರು. ಮುಚ್ಚಳ ತೆಗೆದಾಗ ಸುಟ್ಟ ಬಾದಾಮಿಯ ವಾಸನೆ ಬಂತು. ಅದು ಫರ್ಫ್ಯುರಲ್, ಕಾವು ಜಾಸ್ತಿಯಾದಾಗ ಕ್ಸೈಲೋಸ್ ಕೆಟ್ಟು ಆಗುವ ವಸ್ತು, ಯೀಸ್ಟಿಗೆ ವಿಷ. ಬೆಂಡಿನಿಂದಲೇ ಬಿಡುವ ಅಸಿಟಿಕ್ ಆಮ್ಲವೂ ಜೊತೆಗಿರುತ್ತದೆ. ಆದ್ದರಿಂದ ಹುಳಿ ತಗ್ಗಿಸಲು ಈ ನೀರಿಗೆ ಸುಣ್ಣ ಬೆರೆಸುತ್ತಾರೆ. ಅವಳು ಸುಣ್ಣದ ತಿಳಿಯನ್ನು ಹನಿಹನಿಯಾಗಿ ಬಿಡುತ್ತಿದ್ದಾಗ ನನಗೆ ನಮ್ಮೂರ ಆಲೆಮನೆಯೇ ಎದುರಿಗೆ ಬಂದಂತಾಯಿತು. ಕೊಪ್ಪರಿಗೆಯ ಕಬ್ಬಿನ ಹಾಲಿಗೆ ಹದ ನೋಡಿ ಸುಣ್ಣ ಹಾಕುವುದು, ಬೆಂಡೆಗಿಡದ ಲೋಳೆ ಬಿಟ್ಟು ಮಡ್ಡಿ ಎತ್ತುವುದು, ಹಿಂಡಿದ ಸಿಪ್ಪೆಯನ್ನು ಒಣಗಿಸಿ ಅದೇ ಒಲೆಗೆ ತುರುಕುವುದು. ಇಲ್ಲಿಯೂ ಹಾಗೆಯೇ, ಸಕ್ಕರೆ ಬಿಡಿಸಿಕೊಂಡ ಮೇಲೆ ಉಳಿಯುವ ಲಿಗ್ನಿನ್ನನ್ನು ಬಾಯ್ಲರಿಗೆ ಹಾಕಬಹುದು. ಮಂಡ್ಯದ ಕಡೆಯ ಗಾಣದಾಳಿಗೆ ಈ ಕೆಲಸ ಕಲಿಸಲು ಒಂದು ತಿಂಗಳು ಸಾಕು ಎಂದು ನಾನು ನಿಜವಾಗಿ ನಂಬಿದ್ದೇನೆ.

ಆಮ್ಲಕ್ಕೆ ಜಗ್ಗದ ಸೆಲ್ಯುಲೋಸನ್ನು ಒಡೆಯಲು ಕಿಣ್ವ ಬೇಕು. ಆ ಕಿಣ್ವದ ಹಿಂದೊಂದು ಕಥೆಯಿದೆ. ಎರಡನೆಯ ಮಹಾಯುದ್ಧದಲ್ಲಿ ಶಾಂತಸಾಗರದ ಸಾಲೊಮನ್ ದ್ವೀಪಗಳಲ್ಲಿ ಬೀಡುಬಿಟ್ಟಿದ್ದ ಅಮೆರಿಕದ ಸೈನ್ಯದ ಹತ್ತಿಬಟ್ಟೆಯ ಡೇರೆಗಳು ನೋಡನೋಡುತ್ತಿದ್ದಂತೆ ಲಡ್ಡಾಗಿ ಹರಿದುಹೋಗುತ್ತಿದ್ದವು. ತಿನ್ನುತ್ತಿದ್ದದ್ದು ಒಂದು ಹಸಿರು ಬೂಷ್ಟು. ಡೇರೆ ಉಳಿಸುವುದು ಹೇಗೆ ಎಂದು ಅದನ್ನು ತಂದು ಸಾಕಿ ನೋಡಿದ ವಿಜ್ಞಾನಿಗಳಿಗೆ, ಹತ್ತಿಯನ್ನು ಸಕ್ಕರೆ ಮಾಡುವುದರಲ್ಲಿ ಅದಕ್ಕೆ ಸಾಟಿಯಿಲ್ಲ ಎಂದು ಗೊತ್ತಾಯಿತು. ಆ ಕೆಲಸದಲ್ಲಿದ್ದ ಎಲ್ವಿನ್ ರೀಸ್ ಅವರ ಹೆಸರನ್ನೇ ಮುಂದೆ ಅದಕ್ಕೆ ಇಟ್ಟರು: ಟ್ರೈಕೋಡರ್ಮಾ ರೀಸಿ. ಇವತ್ತು ಜೋಳದ ಬೆಂಡು, ಭತ್ತದ ಹುಲ್ಲು, ಕಬ್ಬಿನ ಸಿಪ್ಪೆ ಯಾವುದನ್ನು ಸಕ್ಕರೆ ಮಾಡಬೇಕಾದರೂ ಆ ಡೇರೆ ತಿಂದ ಬೂಷ್ಟಿನ ಸಂತತಿಯ ಮೊರೆಹೋಗುವುದೇ ಹೆಚ್ಚು.

ಇನ್ನು ಯೀಸ್ಟು. ಬ್ರೆಡ್ಡು ಉಬ್ಬಿಸುವ, ಹೆಂಡ ಹುದುಗಿಸುವ ಯೀಸ್ಟಿನಿಂದ ಈ ಕೆಲಸ ಆಗುವುದಿಲ್ಲ. ಅದು ಕ್ಸೈಲೋಸನ್ನು ಮುಟ್ಟುವುದಿಲ್ಲ, ಕೊಬ್ಬನ್ನು ಕೂಡಿಡುವ ಬುದ್ಧಿಯೂ ಅದಕ್ಕಿಲ್ಲ. ಒಣಮೈಯ ತೂಕದಲ್ಲಿ ನೂರಕ್ಕೆ ಇಪ್ಪತ್ತು ಪಾಲಿಗಿಂತ ಹೆಚ್ಚು ಎಣ್ಣೆ ತುಂಬಿಕೊಳ್ಳಬಲ್ಲವನ್ನು ಮಾತ್ರ ಎಣ್ಣೆ ಯೀಸ್ಟು ಎನ್ನುತ್ತಾರೆ. ಲೈಪೊಮೈಸಿಸ್, ಯಾರೋವಿಯಾ, ರೋಡೊಟೊರುಲಾ ಹೀಗೆ ಕೆಲವು ಕುಲಗಳು. ಇವುಗಳಲ್ಲಿ ಮೈತೂಕದ ನೂರಕ್ಕೆ ಅರವತ್ತಕ್ಕಿಂತ ಹೆಚ್ಚು ಎಣ್ಣೆಯೇ ಆಗಿಬಿಡುವವೂ ಇವೆ. ನಮ್ಮ ಕಡಲೆಕಾಯಿ ಬೀಜದಲ್ಲಿರುವುದು ಸುಮಾರು ಅರ್ಧ.

ಅಕ್ಕನ ಮಗಳು ಸಾಕಿಕೊಂಡಿದ್ದು ರೋಡೊಟೊರುಲಾ. ಗಾಜಿನ ತಟ್ಟೆಯ ಮೇಲೆ ಅದು ಬೆಳೆದಿದ್ದನ್ನು ನೋಡಿದರೆ ಯಾರೋ ಕುಂಕುಮ ಕಲಸಿ ಬೆರಳಲ್ಲಿ ಎಳೆದ ಗೆರೆಗಳಂತಿತ್ತು. ಕ್ಯಾರೆಟ್ಟಿಗೆ ಬಣ್ಣ ಕೊಡುವ ಕ್ಯಾರೊಟಿನಾಯ್ಡುಗಳೇ ಇದಕ್ಕೂ ಬಣ್ಣ ಕೊಡುತ್ತವೆ, ಕೊಳವೆಯ ಎಣ್ಣೆ ಕಿತ್ತಳೆಯಾಗಿದ್ದದ್ದು ಅದರಿಂದಲೇ. ಬಚ್ಚಲುಮನೆಯ ಮೂಲೆಯಲ್ಲಿ, ಸೋಪಿನ ಡಬ್ಬಿಯ ಅಡಿಯಲ್ಲಿ ಎಷ್ಟು ತಿಕ್ಕಿದರೂ ಮತ್ತೆ ಮತ್ತೆ ಬರುವ ಗುಲಾಬಿ ಕಲೆಯಿದೆಯಲ್ಲ, ಎಷ್ಟೋ ಮನೆಗಳಲ್ಲಿ ಅದೂ ಈ ಕುಲದ್ದೇ.

ಈ ಯೀಸ್ಟು ಎಣ್ಣೆ ಮಾಡುವ ಗುಟ್ಟು ನನ್ನ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚು ಕಲಕಿತು. ಹೊಟ್ಟೆತುಂಬ ಎಲ್ಲವೂ ಸಿಕ್ಕರೆ ಅದು ಎಣ್ಣೆ ಮಾಡುವುದಿಲ್ಲ, ಮರಿ ಮಾಡುತ್ತದೆ. ಒಂದು ಎರಡಾಗಿ, ಎರಡು ನಾಲ್ಕಾಗಿ ವಂಶ ಬೆಳೆಸುತ್ತ ಹೋಗುತ್ತದೆ. ಮರಿ ಮಾಡಲು ಪ್ರೋಟೀನು ಬೇಕು, ಪ್ರೋಟೀನಿಗೆ ಸಾರಜನಕ ಬೇಕು. ಅದಕ್ಕೇ ಸಂಶೋಧಕರು ಸಾರಜನಕವನ್ನು ಅಳೆದು ಹಾಕುತ್ತಾರೆ. ಒಂದೆರಡು ದಿನಕ್ಕೆ ಅದು ಮುಗಿದುಹೋಗುತ್ತದೆ. ಸಕ್ಕರೆ ಮಾತ್ರ ಸುತ್ತಲೂ ತುಂಬಿಕೊಂಡೇ ಇರುತ್ತದೆ. ಬೆಳೆಯುವಂತಿಲ್ಲ, ಆದರೆ ಉಣ್ಣಲು ಇದೆ. ಆಗ ಆ ಜೀವ ಉಂಡದ್ದನ್ನೆಲ್ಲ ಎಣ್ಣೆ ಮಾಡಿ ತನ್ನೊಳಗೇ ಕೂಡಿಡಲು ತೊಡಗುತ್ತದೆ, ಮುಂದೊಂದು ದಿನ ಒದಗೀತು ಎಂದು.

ಒಳಗೆ ನಡೆಯುವುದನ್ನು ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದ ಕಾಲಿನ್ ರ‍್ಯಾಟ್ಲೆಜ್ ಮತ್ತು ಅವರ ಸಂಗಡಿಗರು 1970ರ ದಶಕದ ಕೊನೆಯ ಹೊತ್ತಿಗೆ ಬಿಡಿಸಿಟ್ಟರು. ಸಾರಜನಕ ತೀರಿದಾಗ ಸಕ್ಕರೆಯನ್ನು ಉರಿಸಿ ಶಕ್ತಿ ಮಾಡುವ ಚಕ್ರದಲ್ಲಿ ಒಂದು ಹಲ್ಲು ಸಿಕ್ಕಿಕೊಳ್ಳುತ್ತದೆ. ಸಿಟ್ರಿಕ್ ಆಮ್ಲ, ಅಂದರೆ ನಮ್ಮ ನಿಂಬೆಹಣ್ಣಿನ ಹುಳಿ, ಕೋಶದೊಳಗಿನ ಶಕ್ತಿಯ ಒಲೆಯಾದ ಮೈಟೊಕಾಂಡ್ರಿಯದಲ್ಲಿ ಕಟ್ಟಿಕೊಂಡು ಅದರ ಹೊರಗೆ ಚೆಲ್ಲುತ್ತದೆ. ಹೊರಗೆ ಅದನ್ನು ಕತ್ತರಿಸಲು ಒಂದು ಕಿಣ್ವ ಕಾದಿರುತ್ತದೆ. ಕತ್ತರಿಸಿದ ತುಂಡೇ ಕೊಬ್ಬು ಕಟ್ಟುವ ಇಟ್ಟಿಗೆ. ಬ್ರೆಡ್ಡಿನ ಯೀಸ್ಟಿನಲ್ಲಿ ಈ ಕತ್ತರಿ ಇಲ್ಲ, ಎಣ್ಣೆ ಯೀಸ್ಟಿನಲ್ಲಿ ಇದೆ. ಸಕ್ಕರೆ ಎಣ್ಣೆಯಾಗುವ ದಾರಿಯಲ್ಲಿ ನಿಂಬೆಯ ಹುಳಿ ದಾಟಿ ಹೋಗಬೇಕು ಎಂಬುದನ್ನು ಓದಿದ ದಿನದಿಂದ ಚಿತ್ರಾನ್ನಕ್ಕೆ ನಿಂಬೆ ಹಿಂಡುವಾಗಲೆಲ್ಲ ನನಗೆ ಅದೇ ನೆನಪು.

"ಮಾವ, ಇಲ್ಲಿ ಕಣ್ಣಿಡಿ," ಎಂದು ಅವಳು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು. ಕೋಣೆಯ ದೀಪ ಆರಿಸಿದಳು. ಕೊಬ್ಬಿಗೆ ಅಂಟಿಕೊಂಡು ಹೊಳೆಯುವ ನೈಲ್ ರೆಡ್ ಎಂಬ ಬಣ್ಣ ಹಾಕಿದ್ದಳು. ಮೊದಲ ದಿನದ ಯೀಸ್ಟು ನೀಳವಾಗಿ, ಒಳಗೆ ಅಲ್ಲೊಂದು ಇಲ್ಲೊಂದು ಚುಕ್ಕಿ. ಗಾಜು ಬದಲಿಸಿ ಐದನೆಯ ದಿನದ್ದನ್ನು ಇಟ್ಟಳು. ಕತ್ತಲೆಯಲ್ಲಿ ಬಂಗಾರದ ಗುಂಡುಗಳು. ಪ್ರತಿಯೊಂದು ಜೀವಕೋಶದ ಒಳಗೂ ಒಂದೋ ಎರಡೋ ದೊಡ್ಡ ಹನಿ, ಉಳಿದ ಜೀವವೆಲ್ಲ ಅಂಚಿಗೆ ಸರಿದು ತೆಳ್ಳಗೆ ಅಂಟಿಕೊಂಡಿತ್ತು. ಒಂದು ಕೋಶದ ಉದ್ದ ಮಿಲಿಮೀಟರಿನ ಇನ್ನೂರರಲ್ಲೊಂದು ಪಾಲು. ಅಷ್ಟರಲ್ಲಿ ಅಷ್ಟು ಎಣ್ಣೆ. ಹಂಡೆಯ ನೊರೆಯ ಅಂಚಿನಲ್ಲಿ ಮೂಡುತ್ತಿದ್ದ ಹೊಳೆಯುವ ಕಣ್ಣುಗಳು ನೆನಪಾಗಿ ನಾನು ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ.

ಈ ಯೋಚನೆ ಹೊಸದೇನಲ್ಲ. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿನ ನೌಕಾಪಡೆ ದಿಗ್ಬಂಧನ ಹಾಕಿದಾಗ ಜರ್ಮನಿಯಲ್ಲಿ ಕೊಬ್ಬಿಗೆ ಬರ ಬಂತು. ಬರ್ಲಿನ್ನಿನ ಹುದುಗುವಿದ್ಯೆಯ ಸಂಸ್ಥೆಯಲ್ಲಿದ್ದ ಪೌಲ್ ಲಿಂಡ್ನರ್, ವಸಂತದಲ್ಲಿ ಮರಗಳಿಂದ ಒಸರುವ ರಸದಲ್ಲಿ ಬೆಳೆಯುವ ಒಂದು ಯೀಸ್ಟಿನಂಥ ಜೀವಿಯನ್ನು ಅಗಲವಾದ ತಟ್ಟೆಗಳಲ್ಲಿ ಬೆಳೆಸಿ ಕೊಬ್ಬು ತೆಗೆಯಲು ಹೊರಟರು. ಎರಡನೆಯ ಯುದ್ಧದ ಕಾಲಕ್ಕೆ ಸ್ವೀಡನ್ನಿನವರು ರೋಡೊಟೊರುಲಾವನ್ನು ಹಿಡಿದರು. ಯುದ್ಧ ಮುಗಿದು ಹಡಗುಗಳು ಓಡಾಡಲು ಶುರುವಾದ ಮೇಲೆ ಯೀಸ್ಟಿನ ಎಣ್ಣೆ ಯಾರಿಗೂ ಬೇಡವಾಯಿತು. 1980ರ ದಶಕದಲ್ಲಿ ಕೋಕೋ ಬೆಣ್ಣೆಯ ಬದಲಿಗೆ ಚೀಸ್ ಕಾರ್ಖಾನೆಯಲ್ಲಿ ಉಳಿಯುವ ತಿಳಿನೀರಿನಿಂದ ಯೀಸ್ಟಿನ ಕೊಬ್ಬು ಮಾಡಲು ನ್ಯೂಜಿಲೆಂಡಿನಲ್ಲಿ ಯತ್ನ ನಡೆಯಿತು, ಅದೂ ಬೆಲೆಯ ಮುಂದೆ ನಿಲ್ಲಲಿಲ್ಲ. ಅದೇ ದಶಕದ ಕೊನೆಯಲ್ಲಿ ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ, ಚೆಲುವಾಂಬ ಮಹಲಿನ ಆವರಣದಲ್ಲಿ, ರೋಡೊಟೊರುಲಾ ಗ್ರ‍್ಯಾಸಿಲಿಸ್ ಇಟ್ಟುಕೊಂಡು ಕೆಲಸ ನಡೆದಿತ್ತು. ಸಕ್ಕರೆಗೂ ಸಾರಜನಕಕ್ಕೂ ಯಾವ ಪ್ರಮಾಣವಿದ್ದರೆ ಎಷ್ಟು ಎಣ್ಣೆ ಕಟ್ಟುತ್ತದೆ ಎಂಬುದನ್ನು ಲೆಕ್ಕದಲ್ಲಿ ಹಿಡಿದು 1989ರಲ್ಲಿ ಪ್ರಕಟಿಸಿದರು. ಲೋಕವೆಲ್ಲ ಓದಿದ ಆ ಲೆಕ್ಕ ಹುಟ್ಟಿದ ಮಹಲಿನ ಮುಂದೆ ಬಸ್ಸಿನಲ್ಲಿ ಎಷ್ಟು ಸಲ ಹಾದುಹೋಗಿದ್ದೇನೋ, ನನಗೆ ಗೊತ್ತಿರಲಿಲ್ಲ.

ಯುದ್ಧ ಬಂದಾಗ ನೆನೆದು ಶಾಂತಿ ಬಂದಾಗ ಮರೆತ ಈ ವಿದ್ಯೆ ನಮಗೆ ಈಗ ಏಕೆ ಬೇಕು? 2022ರ ಏಪ್ರಿಲ್ ಕೊನೆಯಲ್ಲಿ ಇಂಡೋನೇಷ್ಯಾ ತಾಳೆಯೆಣ್ಣೆಯ ರಫ್ತು ನಿಲ್ಲಿಸಿದ್ದು ನೆನಪಿಸಿಕೊಳ್ಳಿ. ಅತ್ತ ಯುಕ್ರೇನಿನ ಯುದ್ಧದಿಂದ ಸೂರ್ಯಕಾಂತಿ ಎಣ್ಣೆಯೂ ಬರುವುದು ಕಷ್ಟವಾಗಿತ್ತು. ನಿಷೇಧ ಇದ್ದದ್ದು ಮೂರು ವಾರಕ್ಕಿಂತ ತುಸು ಹೆಚ್ಚು. ಅಷ್ಟಕ್ಕೇ ನಮ್ಮ ಬೀದಿಯ ಬೋಂಡದಂಗಡಿಯಾಕೆ ಬಾಣಲೆ ಮಗುಚಿಟ್ಟಿದ್ದಳು. ಈ ದೇಶ ಉಣ್ಣುವ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹಡಗಿನಲ್ಲಿ ಬರುತ್ತದೆ, ವರ್ಷಕ್ಕೆ ಸುಮಾರು ಒಂದೂವರೆ ಕೋಟಿ ಟನ್. ಅದರಲ್ಲಿ ದೊಡ್ಡ ಪಾಲು ತಾಳೆಯದು. ರೋಡೊಟೊರುಲಾದ ಎಣ್ಣೆಯನ್ನು ಬಿಡಿಸಿ ನೋಡಿದರೆ ಓಲಿಯಿಕ್ ಮತ್ತು ಪಾಲ್ಮಿಟಿಕ್ ಆಮ್ಲಗಳೇ ಹೆಚ್ಚು, ತಾಳೆಯ ಎಣ್ಣೆಯ ಹತ್ತಿರದ ನೆಂಟ. ಕಾಡು ಕಡಿಯಬೇಕಿಲ್ಲ, ಮಳೆಗೆ ಕಾಯಬೇಕಿಲ್ಲ. ಒಂದು ತೊಟ್ಟಿಯಲ್ಲಿ ವಾರದೊಳಗೆ ಫಸಲು.

ಹಾಗಾದರೆ ಅಂಗಡಿಗೆ ಏಕೆ ಬಂದಿಲ್ಲ? ಈ ಪ್ರಶ್ನೆಗೆ ನಮ್ಮ ಹುಡುಗಿ ಕಾಗದ ತೆಗೆದುಕೊಂಡು ಲೆಕ್ಕ ಬರೆದಳು. ನೂರು ಗ್ರಾಂ ಸಕ್ಕರೆ ತಿಂದ ಯೀಸ್ಟು ಪುಸ್ತಕದ ಪ್ರಕಾರ ಹೆಚ್ಚೆಂದರೆ 32 ಗ್ರಾಂ ಎಣ್ಣೆ ಮಾಡೀತು. ಕೈಗೆ ಹತ್ತುವುದು ಸುಮಾರು 20. ಅಂದರೆ ಒಂದು ಕೆಜಿ ಎಣ್ಣೆಗೆ ಐದು ಕೆಜಿ ಸಕ್ಕರೆ. ಕೊಂಡು ಹಾಕಿದರೆ ಸಕ್ಕರೆಗೇ ಇನ್ನೂರು ರೂಪಾಯಿ ಮೀರುತ್ತದೆ, ತಾಳೆಯೆಣ್ಣೆಯ ಬೆಲೆ ಅದಕ್ಕಿಂತ ಎಷ್ಟೋ ಕೆಳಗೆ. ಅದಕ್ಕೇ ಬೆಂಡು, ಅದಕ್ಕೇ ಹುಲ್ಲು. ಒಂದು ಟನ್ ಒಣ ಬೆಂಡಿನಿಂದ ಐನೂರು ಕೆಜಿ ಸಕ್ಕರೆ ಬಿಡಿಸಿಕೊಂಡರೆ ನೂರು ಕೆಜಿ ಎಣ್ಣೆ. ಆದರೆ ಕಿಣ್ವಕ್ಕೆ ದುಡ್ಡು. ಯೀಸ್ಟು ಉಸಿರಾಡಲು ಹಗಲೂ ರಾತ್ರಿ ಗಾಳಿ ಊದಬೇಕು, ಕರೆಂಟು. ಗಾಣಕ್ಕೆ ಹಾಕಿದರೆ ಯೀಸ್ಟು ಎಣ್ಣೆ ಬಿಡುವುದಿಲ್ಲ. ಗೋಡೆ ಗಟ್ಟಿ, ಸಣ್ಣ ಮಣಿಗಳ ಜೊತೆ ಅರೆದು ಒಡೆಯಬೇಕು. ಈ ಖರ್ಚೆಲ್ಲ ಕೂಡಿಸಿದರೆ ಅಡುಗೆಮನೆಯ ಎಣ್ಣೆಯಾಗಿ ಅದು ಇವತ್ತು ನಿಲ್ಲುವುದಿಲ್ಲ. ದುಬಾರಿ ಎಣ್ಣೆಯಾಗಿ ನಿಲ್ಲುತ್ತದೆ. ಅಮೆರಿಕದ ಡುಪಾಂಟ್ ಕಂಪನಿ 2010ರ ಸುಮಾರಿಗೆ ಯಾರೋವಿಯಾದ ವಂಶವಾಹಿ ತಿದ್ದಿ, ಮೀನೆಣ್ಣೆಯಲ್ಲಿರುವ ಒಮೇಗಾ-3 ಅನ್ನು ಅದರಿಂದ ಮಾಡಿಸಿ ಮಾರಿತು, ಸಾಕಿದ ಸಾಲ್ಮನ್ ಮೀನಿಗೂ ತಿನ್ನಿಸಿತು. ಸಾಬೂನು, ಮುಖಕ್ಕೆ ಹಚ್ಚುವ ಕ್ರೀಮು, ಮೀನಿನ ಮೇವು, ಚಾಕೊಲೇಟಿನ ಕೊಬ್ಬು, ಇವು ಮೊದಲ ಮೆಟ್ಟಿಲು. ಒಗ್ಗರಣೆಯ ಸೌಟಿಗೆ ಅದು ಬರುವುದು ಆಮೇಲೆ.

ಇಲ್ಲಿ ನನಗೊಂದು ತಕರಾರಿದೆ. ಸಂಶೋಧನೆಯ ಬರಹಗಳಲ್ಲೆಲ್ಲ ಇದನ್ನು ಕೃಷಿ ತ್ಯಾಜ್ಯ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಆ ಮಾತೇ ಇರಲಿಲ್ಲ. ರಾಗಿ ಹುಲ್ಲು, ಅವರೆ ಹೊಟ್ಟು, ಕಬ್ಬಿನ ಸೋಗೆ, ತರಗು, ಬೆಂಡು, ಹಿಂಡಿ, ಕಾಕಂಬಿ, ನುಚ್ಚು, ತೌಡು. ಒಂದೊಂದಕ್ಕೂ ಹೆಸರಿತ್ತು, ಹೆಸರಿದ್ದದ್ದಕ್ಕೆಲ್ಲ ಒಂದು ಜಾಗವಿತ್ತು. ಎಮ್ಮೆಯ ಬಾನಿಗೆ, ಒಲೆಗೆ, ತಿಪ್ಪೆಗೆ. ಉಪಯೋಗವಿಲ್ಲದ ದುಡಿಮೆಗೆ ತೌಡು ಕುಟ್ಟುವುದು ಎಂದು ನಾವು ಅನ್ನುತ್ತ ಬಂದೆವು. ಆ ತೌಡಿನಿಂದಲೇ ಈಗ ಎಣ್ಣೆ ಬರುತ್ತಿದೆ, ಅಂಗಡಿಯಲ್ಲಿ ಪ್ಯಾಕೆಟ್ಟಿನಲ್ಲಿ ಸಿಗುತ್ತದೆ. ತೌಡಿನ ಒಳಗೇ ಇರುವ ಕಿಣ್ವ ಎಣ್ಣೆಯನ್ನು ಬೇಗ ಕೆಡಿಸುವುದರಿಂದ ಗಿರಣಿಯಿಂದ ಬಂದ ಕೂಡಲೇ ಅದನ್ನು ಬಿಸಿ ಮಾಡಿ ಹದಗೊಳಿಸಬೇಕು ಎಂದು ಗೊತ್ತಾದ ಮೇಲೆ ದಾರಿ ಸಲೀಸಾಯಿತು.

ಹೀಗೆ ಒಂದೊಂದಕ್ಕೂ ಮೊದಲೇ ಜಾಗವಿರುವುದರಿಂದ ಹುಲ್ಲಿನ ಮೇಲೆ ಮೊದಲ ಹಕ್ಕು ದನದ್ದು, ಎರಡನೆಯದು ಮಣ್ಣಿನದು. ದನ ತಿನ್ನದ್ದನ್ನು, ಮಣ್ಣಿಗೆ ಸೇರಿಸಿ ಉಳಿದದ್ದನ್ನು ಯೀಸ್ಟಿಗೆ ಕೊಡಬೇಕು. ಅಂಥದ್ದು ನಮ್ಮಲ್ಲಿ ಬೇಕಾದಷ್ಟಿದೆ. ಯಂತ್ರ ಕೊಯ್ದುಬಿಟ್ಟ ಭತ್ತದ ಕೂಳೆಗೆ ಪಂಜಾಬಿನಲ್ಲಿ ಮಾತ್ರವಲ್ಲ, ನಮ್ಮ ತುಂಗಭದ್ರೆಯ ಬಯಲಿನಲ್ಲೂ ಬೆಂಕಿ ಹಾಕುತ್ತಾರೆ. ಕಬ್ಬು ಕಡಿದ ಗದ್ದೆಯ ತರಗಿಗೂ ಬೆಂಕಿ. ದಾವಣಗೆರೆ, ಹಾವೇರಿಯ ಕಡೆ ಸುಗ್ಗಿಯ ತಿಂಗಳಲ್ಲಿ ಹೋದರೆ ರಸ್ತೆಯ ಬದಿಗೆ ಬೆಂಡಿನ ಗುಡ್ಡಗಳು. ಒಲೆಗೆ ಒಂದಷ್ಟು ಹೋಗುತ್ತದೆ, ಉಳಿದದ್ದು ಮಳೆಗೆ ಕೊಳೆಯುತ್ತದೆ. ಎಣ್ಣೆ ತೆಗೆದ ಮೇಲೆ ಉಳಿಯುವ ಯೀಸ್ಟಿನ ಮೈಯಲ್ಲಿ ಪ್ರೋಟೀನು ಇರುತ್ತದೆ. ಗಾಣದ ಹಿಂಡಿಯಂತೆ ಅದನ್ನು ಮೇವಿಗೆ ಸಿದ್ಧಪಡಿಸಬಹುದು. ಹಾಗಾದರೆ ದನದ ಪಾಲು ದನಕ್ಕೆ ತಿರುಗಿ ಬಂದಂತೆಯೇ ಆಯಿತು.

ಹೊರಡುವಾಗ ಅವಳು ಒಂದು ಸಣ್ಣ ಸೀಸೆಯಲ್ಲಿ ನಾಲ್ಕು ಹನಿ ಎಣ್ಣೆ ಕೊಟ್ಟಳು. "ತಿನ್ನಬೇಡಿ ಮಾವ, ಇನ್ನೂ ಶುದ್ಧ ಮಾಡಿಲ್ಲ," ಅಂದಳು. ತಿನ್ನಲಿಲ್ಲ. ಮನೆಗೆ ಬಂದು ಹತ್ತಿಯ ಬತ್ತಿ ಹೊಸೆದು, ಅಜ್ಜಿಯ ಕಾಲದ ಸಣ್ಣ ಹಣತೆಯಲ್ಲಿ ಅದನ್ನು ಹಾಕಿ ಹಚ್ಚಿದೆ. ಹೊಗೆಯಿಲ್ಲದೆ ಉರಿಯಿತು.

ಮೆಕ್ಕೆಜೋಳ ಬೆಳೆಯುವ ಅಣ್ಣತಮ್ಮಂದಿರಲ್ಲಿ, ಅವರ ಸಹಕಾರ ಸಂಘಗಳಲ್ಲಿ, ಸಕ್ಕರೆ ಕಾರ್ಖಾನೆ ನಡೆಸುವವರಲ್ಲಿ ನನ್ನದೊಂದು ಕೇಳಿಕೆ. ಕಾರ್ಖಾನೆಯಲ್ಲಿ ಹಬೆಯಿದೆ, ಕರೆಂಟಿದೆ, ತೊಟ್ಟಿ ನೋಡಿಕೊಳ್ಳಬಲ್ಲ ಜನರಿದ್ದಾರೆ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಇದನ್ನು ಕಲಿತ ಹುಡುಗ ಹುಡುಗಿಯರಿದ್ದಾರೆ. ಒಂದು ಕಾರ್ಖಾನೆಯ ಪಕ್ಕದಲ್ಲಿ ಒಂದು ತೊಟ್ಟಿ ಕಟ್ಟಿ ನೋಡಿ. ಅಲ್ಲಿಯವರೆಗೆ, ಈ ಸುಗ್ಗಿಯಲ್ಲಿ ಕಾಳು ಬಿಡಿಸಿದ ಮೇಲೆ ಬೆಂಡಿಗೆ ಬೆಂಕಿ ಇಡಬೇಡಿ. ಒಂದು ಕಡೆ ಒಟ್ಟಿ, ಮಳೆ ಬೀಳದ ಹಾಗೆ ಹೊದಿಸಿಡಿ.